ಹುಲ್ಲು ಬಿಟ್ಟ ಗಿನಿ ಪಿಗ್‌ಗೆ ಸೋಮವಾರದವರೆಗೆ ಕಾಯಬೇಡಿ

ನಮ್ಮ ಗಿನಿ ಪಿಗ್ ನಿನ್ನೆ ಸಂಜೆಯಿಂದ ಹುಲ್ಲು ಮುಟ್ಟಿಲ್ಲ, ಕ್ಯಾರೆಟ್ ಮಾತ್ರ ಸ್ವಲ್ಪ ಕಡಿಯುತ್ತೆ, ಹಿಕ್ಕೆ ಸಣ್ಣಗಾಗಿದೆ, ಸೋಮವಾರ ತೋರಿಸಬಹುದಾ ಅಂತ ಕೇಳಿದ್ದೀರಿ. ಬೇಡ, ಇವತ್ತೇ ತೋರಿಸಿ. ನಿಮ್ಮ ಮಂಡ್ಯದಲ್ಲಿ ಮೊಲ, ಗಿನಿ ಪಿಗ್ ನೋಡಿ ಅಭ್ಯಾಸ ಇರೋ ಡಾಕ್ಟರ್ ಸಿಗದಿದ್ದರೆ ಮೈಸೂರಿಗೆ ಹೊರಡಿ. ನಾರು ಒಳಗೆ ಹೋಗ್ತಾ ಇದ್ರೆ ಮಾತ್ರ ಇವುಗಳ ಕರುಳು ಓಡೋದು. 12 ಗಂಟೆ ಏನೂ ತಿನ್ನದಿದ್ರೆ ನಿಂತೇ ಹೋಗಬಹುದು.

ಹೊಟ್ಟೆ ತಮಟೆ ಥರ ಬಿಗಿದಿದ್ರೆ ಬಲವಂತವಾಗಿ ಏನೂ ತಿನ್ನಿಸಬೇಡಿ. ಮೆತ್ತಗಿದ್ರೆ ಪೆಲೆಟ್ (ಅದರ ಒಣ ಗುಳಿಗೆ ಆಹಾರ) ನೆನೆಸಿ ಅರೆದು, ಸೂಜಿ ಇಲ್ಲದ 1 ಮಿ.ಲೀ. ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕೊಡಿ, ನುಂಗಿದ್ದು ನೋಡಿಕೊಂಡು. ಮನೇಲಿರೋ ಅಮಾಕ್ಸಿಸಿಲಿನ್ ಅನ್ನೋ ಆ್ಯಂಟಿಬಯಾಟಿಕ್ ಮಾತ್ರ ಬೇಡವೇ ಬೇಡ, ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಪ್ರಾಣಕ್ಕೇ ಕುತ್ತು. ದವಡೆ ಹಲ್ಲು ಬೆಳೆದು ಚುಚ್ಚುತ್ತಿದ್ದರೂ ಹೀಗೆ ಹುಲ್ಲು ಬಿಡುತ್ತೆ, ಅದನ್ನೂ ನೋಡಿಸಿ.

ಮುಂದೆ ದಿನಾ ಬೆಳಿಗ್ಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಎಷ್ಟೋ ಸಲ ಹಿಕ್ಕೆಗಿಂತ ಮೊದಲು ತೂಕವೇ ಸುಳಿವು ಕೊಡೋದು.