ಹಕ್ಕಿ ಬಂದರೆ ಕೆರೆ ನೀರು ಚೆನ್ನಾಗಿದೆ ಅಂತಾನಾ?

ಓದುಗರ ಪತ್ರ: ವರ್ಷಗಟ್ಟಲೆ ಒಣಗಿ ಬಿದ್ದಿದ್ದ ನಮ್ಮೂರ ಕೆರೆಗೆ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಬಂದಿದೆ. ಈಗ ಎಲ್ಲಿ ನೋಡಿದರೂ ಹಕ್ಕಿಗಳು. ನೀರನ್ನು ಸರಿಯಾಗಿ ಪರೀಕ್ಷೆ ಮಾಡಿಸಬೇಕು ಅಂದರೆ ಊರಲ್ಲಿ ನಗ್ತಾರೆ. ‘ಕೆಟ್ಟ ನೀರಾಗಿದ್ದರೆ ಹಕ್ಕಿ ಬರ್ತಿತ್ತಾ ಮೇಷ್ಟ್ರೇ’ ಅಂತ ಕೇಳ್ತಾರೆ. ಅವರ ಮಾತು ಸರಿಯಾ? ನಮ್ಮ ಶಾಲೆ ಮಕ್ಕಳ ಕೈಲಿ ಏನಾದರೂ ಮಾಡಿಸಬಹುದಾ?
– ಶಾಲಾ ಶಿಕ್ಷಕರು, ಕೋಲಾರ ಜಿಲ್ಲೆ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಹಕ್ಕಿ ಬಂದಿದೆ ಅಂದರೆ ಅಲ್ಲಿ ತಿನ್ನೋಕೆ ಏನೋ ಇದೆ ಅಂತ ಅರ್ಥ. ನೀರು ಚೆನ್ನಾಗಿದೆ ಅಂತ ಅಲ್ಲ. ಇವೆರಡೂ ಬೇರೆ ಬೇರೆ ವಿಷಯ. ಇದನ್ನು ಜಗತ್ತಿಗೆ ತುಂಬ ಕಹಿಯಾಗಿ ತೋರಿಸಿಕೊಟ್ಟ ಜಾಗ ಅಮೆರಿಕದ ಕ್ಯಾಲಿಫೋರ್ನಿಯಾದ ಕೆಸ್ಟರ್‌ಸನ್. ನಿಮ್ಮ ಪತ್ರ ಓದುತ್ತಿದ್ದಾಗ ನನಗೆ ಮೊದಲು ನೆನಪಾಗಿದ್ದೇ ಅದು.

ಅಲ್ಲಿನ ಸ್ಯಾನ್ ವಾಕೀನ್ ಕಣಿವೆಯಲ್ಲಿ ಭಾರಿ ನೀರಾವರಿ ಬೇಸಾಯ. ನೆಲದಡಿ ಗಟ್ಟಿ ಜೇಡಿಮಣ್ಣಿನ ಪದರ ಇರುವುದರಿಂದ ಹೊಲಕ್ಕೆ ಬಿಟ್ಟ ನೀರು ಕೆಳಗೆ ಇಳಿಯಲ್ಲ. ಜೌಗು ಹಿಡಿದು ಉಪ್ಪು ಮೇಲೇಳುತ್ತೆ. ಅದಕ್ಕೆ ನೆಲದಡಿ ಕೊಳವೆ ಹಾಕಿ, ಆ ಬಸಿ ನೀರನ್ನು ಉತ್ತರಕ್ಕೆ ಒಯ್ಯಲು ದೊಡ್ಡ ಕಾಲುವೆ ತೋಡಲು ಶುರು ಮಾಡಿದರು. ಕಾಲುವೆ ಸಮುದ್ರದ ಕಡೆಗೆ ಹೋಗಬೇಕಿತ್ತು. 1975ರಲ್ಲಿ ಕೆಲಸ ಅರ್ಧಕ್ಕೆ ನಿಂತಿತು. ಕಾಲುವೆ ಮುಗಿದ ಕಡೆ ಹನ್ನೆರಡು ಕೊಳ, ಅದರ ಸುತ್ತ ಕೆಸ್ಟರ್‌ಸನ್ ವನ್ಯಜೀವಿ ಆಶ್ರಯತಾಣ. ಆ ಕಣಿವೆಯ ಜೌಗು ಪ್ರದೇಶಗಳು ಬಹುಪಾಲು ಹೊಲಗಳಾಗಿ ಹೋಗಿದ್ದವು, ಹಕ್ಕಿಗಳಿಗೆ ನೀರೇ ಇರಲಿಲ್ಲ. ಹಾಗಾಗಿ ಹೊಲದ ಬಸಿ ನೀರಾದರೂ ಸರಿ, ಬಂದರೆ ಸಾಕು ಅಂದುಕೊಂಡರು. ನೀರಿಲ್ಲದ ಸೀಮೆಯಲ್ಲಿ ಯಾರ ನೀರೂ ವರವಾಗಿಯೇ ಕಾಣುತ್ತೆ. ಇದನ್ನು ಕೋಲಾರದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

1978ರಿಂದ ಬಸಿ ನೀರು ಬರತೊಡಗಿತು. 1981ರ ಹೊತ್ತಿಗೆ ಕೊಳಗಳಿಗೆ ಬರುತ್ತಿದ್ದದ್ದು ಹೆಚ್ಚುಕಡಿಮೆ ಬರೀ ಅದೇ ನೀರು. 1982ಕ್ಕೆ ಮೀನುಗಳೆಲ್ಲ ಹೋಗಿ, ಸೊಳ್ಳೆಮರಿ ತಿನ್ನುವ ಪುಟ್ಟ ಸೊಳ್ಳೆಮೀನು ಮಾತ್ರ ಉಳಿದಿತ್ತು. ಆದರೆ ಹಕ್ಕಿಗಳು? ಅವು ಬರ್ತಾನೇ ಇದ್ದವು. ಬಾತುಗಳು, ನಾಮದ ಕೋಳಿಯ ಜಾತಿಯವು, ಮುಳುಕಗಳು, ನಮ್ಮ ಮೆಟ್ಟುಗಾಲು ಹಕ್ಕಿಯ ಹತ್ತಿರದ ನೆಂಟ ಒಂದು, ಎಲ್ಲವೂ ಅಲ್ಲೇ ಗೂಡು ಕಟ್ಟಿದವು. ದಂಡೆಯಲ್ಲಿ ನಿಂತು ಎಣಿಸಿದವರಿಗೆ ಎಲ್ಲ ಸರಿಯಾಗಿಯೇ ಇದೆ ಅನ್ನಿಸಬಹುದಿತ್ತು.

1983ರಲ್ಲಿ ಹ್ಯಾರಿ ಓಲೆನ್‌ಡಾರ್ಫ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಹಕ್ಕಿ ಎಣಿಸುವುದಕ್ಕೇ ನಿಲ್ಲದೆ ಗೂಡುಗಳನ್ನೇ ನೋಡತೊಡಗಿದರು. ಮೊಟ್ಟೆಯೊಳಗಿನ ಮರಿಗಳಿಗೆ ಕಣ್ಣಿಲ್ಲ, ಕೊಕ್ಕು ಸೊಟ್ಟ, ಕಾಲು ಬೆಳೆದಿಲ್ಲ. ಕೊನೆತನಕ ಗಮನಿಸಿದ 347 ಗೂಡುಗಳಲ್ಲಿ ಸುಮಾರು ಶೇ 40ರಲ್ಲಿ ಕನಿಷ್ಠ ಒಂದು ಸತ್ತ ಭ್ರೂಣ ಇತ್ತು. ಸುಮಾರು ಶೇ 20ರಲ್ಲಿ ಕಣ್ಣಿಗೆ ಕಾಣುವಂಥ ಅಂಗವಿಕಲತೆಯ ಭ್ರೂಣವೋ ಮರಿಯೋ ಇತ್ತು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಕಿವುಚಿದ ಹಾಗಾಗುತ್ತೆ.

ಕಾರಣ ಸೆಲೆನಿಯಂ ಎಂಬ ಧಾತು. ಹತ್ತಿರದ ಬೆಟ್ಟಗಳ ಹಳೇ ಸಮುದ್ರತಳದ ಕಲ್ಲಿನಿಂದ ಮಣ್ಣಿಗೆ ಬಂದದ್ದು, ನೀರಾವರಿ ನೀರಿನಲ್ಲಿ ತೊಳೆದುಕೊಂಡು ಕೊಳ ಸೇರಿತ್ತು. ಕೊಳದ ಒಂದು ಲೀಟರ್ ನೀರಿನಲ್ಲಿ ಸುಮಾರು 300 ಮೈಕ್ರೋಗ್ರಾಂ. ಅಷ್ಟೇನಾ ಅನ್ನಿಸುತ್ತೆ. ಆದರೆ ನೀರಿನಿಂದ ಪಾಚಿಗೆ, ಪಾಚಿಯಿಂದ ಹುಳಕ್ಕೆ, ಹುಳದಿಂದ ಹಕ್ಕಿಗೆ ಹೋಗ್ತಾ ಹೋಗ್ತಾ ಅದು ಗಂಟುಕಟ್ಟಿಕೊಳ್ಳುತ್ತೆ, ತಾಯಿಯ ಮೈಯಿಂದ ಮೊಟ್ಟೆಗೂ ಇಳಿಯುತ್ತೆ. ಸ್ವಲ್ಪ ಪ್ರಮಾಣದಲ್ಲಿ ಮೈಗೆ ಬೇಕಾದ ವಸ್ತುವೇ ಅದು. ಜಾಸ್ತಿಯಾದರೆ ಅದೇ ವಿಷ. ಬೆಳೆದ ಹಕ್ಕಿಗಳೂ ಕೆಲವು ಸತ್ತವು, ಆದರೆ ನಿಜವಾದ ಹಾನಿ ಆಗಿದ್ದು ಚಿಪ್ಪಿನೊಳಗೆ. 1986ರಲ್ಲಿ ನೀರು ನಿಲ್ಲಿಸಿದರು. 1988ರಲ್ಲಿ ತಗ್ಗುಗಳಿಗೆ ಮಣ್ಣು ತುಂಬಿದರು.

ಹೀಗೆ ಹೇಳಿದೆ ಅಂತ ನಿಮ್ಮ ಕೆರೆಯಲ್ಲಿ ಸೆಲೆನಿಯಂ ಇದೆ ಅಂತ ಯಾರೂ ತಿಳಿಯಬೇಡಿ. ಅದು ಹೊಲದ ಬಸಿ ನೀರು, ನಿಮ್ಮದು ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ 2018ರಿಂದ ಹರಿಸುತ್ತಿರುವ ನೀರು. ಎರಡನೇ ಹಂತ ಅಂದರೆ ಮುಖ್ಯವಾಗಿ ಬ್ಯಾಕ್ಟೀರಿಯಾಗಳಿಂದ ಕೊಳೆ ತಿನ್ನಿಸುವುದು. ಸಾರಜನಕ, ರಂಜಕ ಸಾಕಷ್ಟು ಉಳಿಯುತ್ತೆ. ಔಷಧ ಮತ್ತು ಸೋಪಿನ ಅಂಶ, ಲೋಹಗಳು ಎಷ್ಟು ಉಳಿದಿವೆ ಅನ್ನೋದು ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತೆ. ಹೀಗೆ ಉಳಿದದ್ದನ್ನು ಇನ್ನಷ್ಟು ತೆಗೆಯುವ ಮೂರನೇ ಹಂತವೂ ಆಗಲಿ ಅಂತ ನಿಮ್ಮ ಜಿಲ್ಲೆಯ ಜನ ಕೇಳುತ್ತಾ ಬಂದಿರುವುದು ನ್ಯಾಯವಾಗಿಯೇ ಇದೆ. ಬತ್ತಿದ ಬೋರ್‌ವೆಲ್‌ಗಳ ಊರಿಗೆ ನೀರು ಬಂದ ಸಂತೋಷವನ್ನು ಸಣ್ಣದು ಮಾಡುವ ಮನಸ್ಸು ನನಗಿಲ್ಲ. ನೀರು ಬೇಕು, ಪರೀಕ್ಷೆಯೂ ಬೇಕು.

ಹಕ್ಕಿ ಯಾಕೆ ಬರುತ್ತೆ ಅಂತಲೂ ಹೇಳಿಬಿಡ್ತೀನಿ. ಸಾರಜನಕ, ರಂಜಕ ಜಾಸ್ತಿ ಇದ್ದ ಕಡೆ ಪಾಚಿ ಜಾಸ್ತಿ. ಅದು ಕೊಳೆತ ಕೆಸರಿನಲ್ಲಿ ಕೆಂಪು ಹುಳಗಳು ಜಾಸ್ತಿ, ಕಡಿಮೆ ಆಮ್ಲಜನಕದಲ್ಲೂ ಅವು ಬದುಕುತ್ತವೆ. ಮೆಟ್ಟುಗಾಲು ಹಕ್ಕಿಗೆ ಅದು ಹಬ್ಬದೂಟ. ನೊರೆ ಉಕ್ಕಿ, ಬೆಂಕಿಯೂ ಹೊತ್ತಿಕೊಂಡ ಬೆಳ್ಳಂದೂರು ಕೆರೆಯಲ್ಲೂ ಹಕ್ಕಿಗಳಿದ್ದವು ಅನ್ನೋದನ್ನು ನಿಮ್ಮೂರಿನವರಿಗೆ ಹೇಳಿ.

ಇನ್ನು ಮಕ್ಕಳ ವಿಷಯ. ಖಂಡಿತ ಮಾಡಿಸಿ. ಕೆಸ್ಟರ್‌ಸನ್ ತಂಡ ಒಂದು ಜಾಣ ಕೆಲಸ ಮಾಡಿತ್ತು. ಹತ್ತಿರದಲ್ಲೇ ಆ ಬಸಿ ನೀರು ಹೋಗದ ವೋಲ್ಟಾ ಅನ್ನೋ ಜಾಗವನ್ನೂ ಜೊತೆಜೊತೆಗೇ ನೋಡಿತು. ಕೆಸ್ಟರ್‌ಸನ್‌ನ ಸೊಳ್ಳೆಮೀನಿನಲ್ಲಿ ಸೆಲೆನಿಯಂ ವೋಲ್ಟಾದ ಮೀನಿಗಿಂತ ಸುಮಾರು ನೂರು ಪಟ್ಟು ಇತ್ತು. ಆ ಹೋಲಿಕೆ ಇಲ್ಲದಿದ್ದರೆ ಅಂಕಿಗೆ ಅರ್ಥವೇ ಬರುತ್ತಿರಲಿಲ್ಲ. ನೀವೂ ಮಳೆ ನೀರಿನದೇ ಒಂದು ಕೆರೆ ಹುಡುಕಿಕೊಳ್ಳಿ. ಎರಡೂ ಕಡೆ ವಾರಕ್ಕೊಮ್ಮೆ, ಒಂದೇ ಹೊತ್ತಿಗೆ ಹೋಗಿ. ಹಕ್ಕಿ ಎಷ್ಟು ಅನ್ನೋದನ್ನು ಬರೆದುಕೊಳ್ಳಿ, ಆದರೆ ಅದಕ್ಕಿಂತ ಮುಖ್ಯವಾಗಿ ಅಪ್ಪ ಅಮ್ಮನ ಹಿಂದೆ ಎಷ್ಟು ಮರಿ ಈಜುತ್ತಿವೆ, ಮುಂದಿನ ವಾರ ಎಷ್ಟು ಉಳಿದಿವೆ ಅಂತ ಬರೆಸಿ. ನಾಮದ ಕೋಳಿ, ಗುಳುಮುಳುಕ ಇದಕ್ಕೆ ಒಳ್ಳೆಯವು, ಮರಿಗಳು ನೀರಿನ ಮೇಲೆ ಎದ್ದು ಕಾಣುತ್ತವೆ. ಒಂದು ಸಲ ಮರಿ ಕಡಿಮೆಯಾದರೆ ಹಾವೋ ಹದ್ದೋ ಕಾರಣ ಇರಬಹುದು. ಎರಡು ಕೆರೆ ನಡುವೆ ವರ್ಷ ವರ್ಷವೂ ದೊಡ್ಡ ವ್ಯತ್ಯಾಸ ಕಂಡರೆ ಆಗ ವಿಜ್ಞಾನಿಗಳನ್ನು ಕರೆಯಲು ನಿಮ್ಮ ಕೈಲಿ ಗಟ್ಟಿ ಕಾರಣ ಇರುತ್ತೆ.

ನೀರಿನ ಆಮ್ಲಜನಕ ಅಳೆಯುವುದಾದರೆ ಬೆಳಗಿನ ಜಾವವೇ ಅಳೆಯಬೇಕು. ಹಗಲಲ್ಲಿ ಪಾಚಿ ಆಮ್ಲಜನಕ ಬಿಡುತ್ತೆ, ರಾತ್ರಿ ತಾನೇ ಉಸಿರಾಡಿ ಖಾಲಿ ಮಾಡುತ್ತೆ. ಪಾಚಿಗಟ್ಟಿದ ಕೆರೆಯಲ್ಲಿ ಬೆಳಗಾಗುವಷ್ಟರಲ್ಲಿ ಮೀನು ತೇಲುವುದು ಇದಕ್ಕೇ. ಮಧ್ಯಾಹ್ನ ತೆಗೆದ ಅಂಕಿ ತೋರಿಸಿ ಯಾರಾದರೂ ಎಲ್ಲ ಸರಿಯಿದೆ ಅಂದರೆ ಎಷ್ಟು ಗಂಟೆಗೆ ಅಳೆದಿರಿ ಅಂತ ಮಕ್ಕಳೇ ಕೇಳಲಿ.

ಗೂಡಿನ ಹತ್ತಿರ ಮಾತ್ರ ಹೋಗಬೇಡಿ. ತಾಯಿ ಎದ್ದು ಹೋದ ಗಳಿಗೆಯಲ್ಲೇ ಕಾಗೆ ಎರಗುತ್ತೆ. ಕಾಡುಹಕ್ಕಿಯ ಮೊಟ್ಟೆ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಸಂಶೋಧಕರಿಗೂ ಅನುಮತಿ ಬೇಕು. ಸತ್ತ ಹಕ್ಕಿ ಸಿಕ್ಕರೆ ಬರಿಗೈಲಿ ಮುಟ್ಟದೆ ಅವತ್ತೇ ಅರಣ್ಯ ಇಲಾಖೆಗೂ ಪಶು ಆಸ್ಪತ್ರೆಗೂ ತಿಳಿಸಿ. 2019ರಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ಹಕ್ಕಿಗಳು ಬಾಟ್ಯುಲಿಸಂನಿಂದ, ಅಂದರೆ ಒಂದು ಬ್ಯಾಕ್ಟೀರಿಯಾದ ವಿಷದಿಂದ ಬರುವ ರೋಗದಿಂದ, ಸತ್ತವು. ಆ ರೋಗದಲ್ಲಿ ಹೆಣದ ಮೇಲಿನ ಹುಳಗಳಲ್ಲಿ ವಿಷ ಸೇರಿಕೊಳ್ಳುತ್ತೆ, ಆ ಹುಳ ತಿಂದ ಹಕ್ಕಿಯೂ ಸಾಯುತ್ತೆ. ಹಾಗಾಗಿ ಒಂದು ದಿನ ತಡವಾದರೂ ಹಾನಿ ಹೆಚ್ಚುತ್ತೆ.

ಒಂದು ವರ್ಷದ ಲೆಕ್ಕ ಆದ ಮೇಲೆ ಮಕ್ಕಳ ನೋಟ್‌ಬುಕ್ಕಿನ ಪ್ರತಿ ನಮಗೂ ಕಳಿಸಿ ಮೇಷ್ಟ್ರೇ. ಅವರು ಬರೆದ ಹಾಗೇ ಅಚ್ಚು ಹಾಕುತ್ತೇವೆ.