ಕೂಲರ್ ಹಚ್ಚಿದಾಗ ಎದುರಿನ ಕಿಟಕಿ ತೆರೆದಿರಲಿ

ವಿಜಯಪುರದ ನಿಮ್ಮ ಮೇಲ್ಮಹಡಿಯ ಕೋಣೆಯಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿ ಕೂಲರ್ ಹಚ್ಚಿದರೂ ನಡುರಾತ್ರಿಯವರೆಗೆ ತಾಯಿಯವರಿಗೆ ನಿದ್ದೆ ಹತ್ತುವುದಿಲ್ಲ, ಏನು ಮಾಡಬೇಕು ಎಂದು ಕೇಳಿದ್ದೀರಿ. ತೊಂದರೆ ಇರುವುದು ಆ ಮುಚ್ಚಿದ ಕಿಟಕಿಗಳಲ್ಲೇ. ಕೂಲರ್ ತಂಪು ಮಾಡುವುದು ನೀರು ಆವಿಯಾಗುವುದರಿಂದ; ನಮ್ಮ ಕಡೆಯ ಏಪ್ರಿಲ್ ತಿಂಗಳ ಒಣಗಾಳಿ ಅದಕ್ಕೆ ಹೇಳಿ ಮಾಡಿಸಿದಂತಿದ್ದರೂ, ಹೊರಹೋಗಲು ದಾರಿಯಿಲ್ಲದ ಕೋಣೆಯಲ್ಲಿ ಅದೇ ಗಾಳಿ ತೇವ ತುಂಬಿಕೊಂಡು ಮೈಯ ಬೆವರೂ ಆರದಂತೆ ಮಾಡುತ್ತದೆ. ಆದ್ದರಿಂದ ಕೂಲರನ್ನು ಕಿಟಕಿಯ ಹೊರಬದಿಗೆ ಇಟ್ಟು, ಎದುರಿನ ಕಿಟಕಿಯನ್ನು ಒಂದು ಗೇಣಾದರೂ ತೆರೆದಿಡಿ. ಇನ್ನು ಆರ್‌ಸಿಸಿ ಛಾವಣಿ ಹಗಲೆಲ್ಲ ಹೀರಿದ ಬಿಸಿಯನ್ನು ರಾತ್ರಿ ಕೆಳಗೆ ಬಿಡುತ್ತದೆ (ಹಳೆಯ ಮಣ್ಣಿನ ಮಾಳಿಗೆಗಳಲ್ಲಿ ಈ ಕಾಟ ಇಷ್ಟಿರಲಿಲ್ಲ). ಅದಕ್ಕೆ ಮೇಲಿನಿಂದ ಸುಣ್ಣ ಬಳಿಸುವುದೇ ಅಗ್ಗದ ಉಪಾಯ, ಮಳೆಗೆ ತೊಳೆದುಹೋದರೆ ಮತ್ತೆ ಬಳಿಸಬೇಕಾಗುತ್ತದೆ. ತಾಯಿಯವರು ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಉಪ್ಪು ಹಾಕಿದ ಮಜ್ಜಿಗೆಯನ್ನು ವೈದ್ಯರನ್ನು ಕೇಳಿಯೇ ಕೊಡಿ.