ಖಡಕ್ವಾಸ್ಲಾಕ್ಕೆ ಹೊರಡುವ ಮುನ್ನ

ಪ್ರಶ್ನೆ: ಪುಣೆ ಬಳಿಯ ಖಡಕ್ವಾಸ್ಲಾದ ಎನ್‌ಡಿಎಗೆ (ಸೇನಾಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಆಯ್ಕೆಯಾಗಿದ್ದೇನೆ, ಹೊರಡಲು ಐದು ವಾರವಿದೆ. ರಾತ್ರಿ ಎರಡು ಗಂಟೆಗೇ ಎಚ್ಚರವಾಗಿ ಹೊಟ್ಟೆ ತೊಳಸುತ್ತದೆ. ಜೊತೆಗೇ ಓದಿದ ಗೆಳೆಯನಿಗೆ ಲಿಖಿತ ಪರೀಕ್ಷೆಯ ನಂತರದ ಎಸ್‌ಎಸ್‌ಬಿ ಸಂದರ್ಶನದಲ್ಲಿ ಆಗಲಿಲ್ಲ, ಈಗ ಸರಿಯಾಗಿ ಮಾತಾಡುವುದಿಲ್ಲ. ಏನು ಮಾಡಲಿ?
– ಓದುಗ, ಹಾವೇರಿ

ಉತ್ತರ: ಗೆಳೆಯನ ಮಾತು ಮೊದಲು. ಬೂಟು, ಟ್ರಂಕಿನ ಸುದ್ದಿ ಅವನ ಮುಂದೆ ತೆಗೆಯಬೇಡಿ. ಹಾಗಂತ ಹೊರಡುವ ದಿನವನ್ನು ಮುಚ್ಚಿಡಲೂ ಬೇಡಿ. ಒಬ್ಬನೇ ಸಿಕ್ಕಾಗ "ನಿನಗೂ ಆಗಬೇಕಿತ್ತು ಕಣೋ" ಎಂದಷ್ಟೇ ಹೇಳಿ ಸುಮ್ಮನಾಗಿ. ಎನ್‌ಡಿಎ ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಪದವಿ ಮುಗಿಸಿ ಸೇನಾಧಿಕಾರಿಯಾಗಲು ಇರುವ ಇನ್ನೊಂದು ಪರೀಕ್ಷೆ ಸಿಡಿಎಸ್ ಬರೆಯಬಹುದು. ಇದೆಲ್ಲ ನಿಜ, ಆದರೆ ಅವನಾಗಿ ಕೇಳಿದಾಗ ಮಾತ್ರ. ಮೊದಲ ಟರ್ಮ್‌ನಲ್ಲಿ ಫೋನ್ ಕೈಗೆ ಸಿಗುವುದು ಅಪರೂಪ ಎಂದು ಈಗಲೇ ತಿಳಿಸಿ. ಮೆಸೇಜಿಗೆ ಉತ್ತರ ಬಾರದಿದ್ದರೆ "ದೊಡ್ಡ ಮನುಷ್ಯನಾದ" ಅಂದುಕೊಂಡೇ ಎಷ್ಟೋ ಸ್ನೇಹ ಮುರಿಯುತ್ತದೆ. ಹತ್ತು ಇನ್‌ಲ್ಯಾಂಡ್ ಲೆಟರ್ ಕೊಂಡು, ಅವನ ವಿಳಾಸ ಬರೆದೇ ಟ್ರಂಕಿಗೆ ಹಾಕಿ. ದಣಿದ ರಾತ್ರಿ ನಾಲ್ಕು ಸಾಲು ಗೀಚಿದರೂ ಸಾಕು.

ಇನ್ನು ನಿದ್ದೆ. ಎಷ್ಟೇ ತಡವಾಗಿ ಮಲಗಿದರೂ ಐದಕ್ಕೆ ಏಳಿ, ಮಧ್ಯಾಹ್ನ ಮಲಗಬೇಡಿ, ಮೂರು ಗಂಟೆಯ ಮೇಲೆ ಚಹಾ ಬೇಡ. ನಡುರಾತ್ರಿ ಎಚ್ಚರವಾದರೆ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ. ಆಗ ಫೋನ್ ತೆರೆದು ರಗಡಾ (ಕೆಡೆಟ್‌ಗಳಿಗೆ ಶಿಕ್ಷೆಯಾಗಿ ಕೊಡುವ ಕಠಿಣ ಕಸರತ್ತು) ವಿಡಿಯೋ ನೋಡಿದಿರೋ, ಆ ರಾತ್ರಿಯ ನಿದ್ದೆ ಹೋದಂತೆಯೇ.

ಸೇರುವ ಹೊತ್ತಿಗೆ 2.4 ಕಿ.ಮೀ. ಓಟ 15 ನಿಮಿಷದೊಳಗೆ, ಪುಷ್‌ಅಪ್ ಮತ್ತು ಸಿಟ್‌ಅಪ್ ತಲಾ 20, ಚಿನ್‌ಅಪ್ 8 ಬರುವಂತಿರಬೇಕು ಎಂದು ಪರೀಕ್ಷಾ ಅಧಿಸೂಚನೆಯಲ್ಲೇ ಇದೆ. ಎಡವುವುದು ಇಲ್ಲೇ: ಕೊನೆಯ ವಾರಗಳಲ್ಲಿ ಗಾಬರಿಬಿದ್ದು ದಿನವೂ ಡಾಂಬರು ರಸ್ತೆಯಲ್ಲಿ ಓಡುತ್ತಾರೆ, ಮೊಣಕಾಲ ಕೆಳಗಿನ ಎಲುಬು ತಾಳಲಾರದೆ ಕೂದಲೆಳೆಯಷ್ಟು ಸೀಳುತ್ತದೆ. ವಾರಕ್ಕೆ ನಾಲ್ಕೇ ದಿನ, ಮಣ್ಣಿನ ಮೈದಾನದಲ್ಲಿ ಓಡಿ. ದೂರವನ್ನು ವಾರಕ್ಕೆ ಹತ್ತರಲ್ಲೊಂದು ಪಾಲಿನಷ್ಟೇ ಏರಿಸಿ. ಎಲುಬಿನ ಮೇಲೆ ಒಂದೇ ಕಡೆ ಬೆರಳಿಟ್ಟಾಗ ಚುಳ್ಳೆಂದರೆ ಓಟ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಮುಚ್ಚಿಟ್ಟು ಸೇರಿದರೆ ವಾರಗಟ್ಟಲೆ ತರಬೇತಿ ತಪ್ಪುತ್ತದೆ; ತುಂಬ ತಪ್ಪಿದರೆ ಅದೇ ಟರ್ಮ್ ಮತ್ತೆ ಮಾಡಬೇಕಾದೀತು.

ಡ್ರಿಲ್‌ನ ಆಜ್ಞೆಗಳು ಹಿಂದಿಯಲ್ಲಿರುತ್ತವೆ. ಸಾವಧಾನ್, ವಿಶ್ರಾಮ್, ದಾಹಿನೇ ಮುಡ್, ಬಾಯೇಂ ಮುಡ್: ಆ ಗೆಳೆಯನಿಂದಲೇ ಗಟ್ಟಿಯಾಗಿ ಕೂಗಿಸಿ, ಅಂಗಳದಲ್ಲಿ ತಿರುಗಿ ಅಭ್ಯಾಸ ಮಾಡಿ.